ಎಂಬತ್ತೆಂಟು ಮನೆ

ಪೆಟ್ಟಿಗೆಯಲ್ಲ ಇದು, ಕೇರಿ.
ನನ್ನ ಕೈ ಕಂಡದ್ದು ಹಾರ್ಮೋನಿಯಂ ಅಷ್ಟೆ:
ಮೂರೂವರೆ ಸಪ್ತಕ, ತಿದಿ, ಹಿತ್ತಾಳೆಯ ನಾಲಗೆ,
ನಾಟಕ ಕಂಪನಿಯವರ ಕಾಲುಪೆಟ್ಟಿಗೆಗೆ ತೇಪೆ.
ಇಲ್ಲಿ ಎಂಬತ್ತೆಂಟು ಮನೆ.
ಪ್ರತಿ ಮನೆಯಲ್ಲೂ ಒಬ್ಬ ಮರದ ಮುದುಕ
ತಲೆಗೆ ಉಣ್ಣೆ ಸುತ್ತಿಕೊಂಡು ಮಲಗಿದ್ದಾನೆ.

ಮುಚ್ಚಿದ ಮಿಲ್ಲಿನ ಹರಾಜಿನಲ್ಲಿ
ತೂಕದ ಕಲ್ಲು, ಬಿಲಿಯರ್ಡ್ಸ್ ಮೇಜುಗಳ ನಡುವೆ
ಸಲೋಮಿ ಟೀಚರ್ ಕೂಗಿ ಕೊಂಡ ಪಿಯಾನೊ.
ಮಂಡಿಪೇಟೆಯ ಎಂಟು ಹಮಾಲರು
ಹತ್ತಿ ಅಂಡಿಗೆಯೇ ವಾಸಿ ಎಂದು ಬೈದು ಇಳಿಸಿ ಹೋದರಂತೆ.
"ಬೆಂಗಳೂರಿನವರು ಫೋನಿನಲ್ಲೇ ಕೈಯೆತ್ತಿದರು,
ನೀವೇ ಬಿಚ್ಚಿ ನೋಡಿ."

ಎಳೆದೆ. ಇಡೀ ಕೇರಿ ಒಮ್ಮೆಗೇ
ನನ್ನ ಮಡಿಲಿಗೆ ಜಾರಿ ಬಂತು.
ನುಸಿ ತಿಂದ ಬನಾತು, ಇಲಿಯ ಹಿಕ್ಕೆ, ಒಂದು ನಾಲ್ಕಾಣೆ,
ಮೂರು ಮಂಡಕ್ಕಿ ಕಾಳು, ಯಾರ ಸಂಜೆಯದೋ.
ತಂತಿ ಬಡಿದು ಬಡಿದು ಸುತ್ತಿಗೆಯ ಹಣೆಗೆ
ಮೂರು ಗೆರೆ, ವಿಭೂತಿಯ ಹಾಗೆ.
ಉಪ್ಪುಕಾಗದ ಹಿಡಿದ ಕೈ ಸ್ವಲ್ಪ ಅಳುಕಿತು.

ಗೆಣ್ಣುಗಳು ಚಪ್ಪಟೆ.
ತಬಲಾಕ್ಕೆ ಮುಚ್ಚಿಗೆ ಹಾಕುವ ದುರುಗೇಶಿಯ ಹತ್ತಿರ
ಆಡಿನ ಮೆತ್ತನೆ ತೊಗಲು ಬೇಡಿ ತಂದು ಸುತ್ತಿದೆ.
ತುಕ್ಕಿನ ಕೀಲುಸೂಜಿ ತೆಗೆದು ಹೊಸದು ಕೂಡಿಸಿದೆ:
ಬಿಗಿಯಾದರೆ ಏಳಲ್ಲ,
ಸಡಿಲಾದರೆ ಪಕ್ಕದ ಮನೆಗೆ ಹೊಡೆಯುತ್ತದೆ.

ಮನೆಗಳ ಹಿಂದೆ ಹಾಸಲು ಚಳ್ಳಕೆರೆ ಕಂಬಳಿ ಕೊಯ್ದೆ.
ಜಾಣತನ ಅಂದುಕೊಂಡೆ.
ಹುಣಿಸೆಬೀಜದ ಗಂಜಿ ಕುಡಿದ ಹೊಸ ಕಂಬಳಿ;
ಒತ್ತಿ ಬಿಟ್ಟರೆ ಟಕ್, ಟಕ್, ಒಣಗಿದ ಎಲುಬು.
ಟೀಚರ್ ಏನೂ ಅನ್ನಲಿಲ್ಲ. ಚಹಾ ತಂದಿಟ್ಟರು.
ಎಲ್ಲ ಕಿತ್ತೆ. ಮನೆಯ ಬಕೆಟ್ಟಿನಲ್ಲಿ
ಮೂರು ನೀರು ತೊಳೆದು ಮಾಳಿಗೆಯ ಮೇಲೆ ಹರಡಿದೆ.
"ಇಷ್ಟೂ ಚೂರು ಯಾರಿಗೆ ಹೊದಿಸ್ತೀರಿ?" ಎಂದಳು ಇಮಾಂಬಿ.

ಆಮೇಲೂ ನಡುವಿನ ಒಂದು ಮನೆ ಮಾತಾಡಲಿಲ್ಲ.
ಒತ್ತಿದರೆ ಸುತ್ತಿಗೆ ಹೋಗಿ ತಂತಿಗೆ ಅಂಟಿ ನಿಲ್ಲುತ್ತಿತ್ತು,
ಹೊಡೆತವೇ ಸದ್ದಿನ ಬಾಯಿ ಮುಚ್ಚಿದ ಹಾಗೆ.
ಮೂರು ದಿನ.
ತಿರುಪು ಕಾಲು ಸುತ್ತು ಆಚೆ, ಅರೆಸುತ್ತು ಈಚೆ.

ಅಪ್ಪ ಹೊನ್ನೂರಸಾಬ್ ಪಿಂಜಾರ.
ಬಿಲ್ಲಿನ ನರಕ್ಕೆ ಕೊಡತಿಯಿಂದ ಮೀಟಿ
ದಾವಣಗೆರೆಯ ಅರ್ಧ ಗಾದಿಗಳಿಗೆ ಹತ್ತಿ ಬಿಡಿಸಿದವನು.
ಟುಂಯ್ ಎನ್ನಬೇಕಾದಲ್ಲಿ ನನ್ನ ಕೈಗೆ ಥಪ್ ಎಂದಾಗ
ಕಿವಿ ಹಿಂಡಿ ಹೇಳಿದ್ದ:
"ಹೊಡೆದ ಕೈ ಅಲ್ಲೇ ಕೂತರೆ ಅರಳೆ ಏಳಲ್ಲ ಮಗಾ.
ಮುಟ್ಟೋ ಮುಂಚೆ ಬಿಟ್ಟಿರಬೇಕು."

ಕೂದಲೆಳೆಯಷ್ಟು ಮುಂಚೆ ಬಿಟ್ಟೆ.
ತಿರುಪು ಎಷ್ಟು ಸುತ್ತಿದೆನೆಂದು ಕೇಳಬೇಡಿ, ನೋಡುತ್ತಿರಲಿಲ್ಲ.
ಸುತ್ತಿಗೆ ತಾನೇ ಹಾರಿತು, ತಾಗಿತು, ಹಿಂದೆ ಬಿತ್ತು.
ಗಾಂಧಾರ.
ಕಿಟಕಿಯ ಗಾಜು ಸಣ್ಣಗೆ ನಡುಗಿತು.

ಟೀಚರ್ ಕೂತು ಒಂದು ತುದಿಯಿಂದ ಇನ್ನೊಂದಕ್ಕೆ ನಡೆದರು,
ಬಾಡಿಗೆ ವಸೂಲಿಗೆ ಹೊರಟವರಂತೆ ಪ್ರತಿ ಬಾಗಿಲು ತಟ್ಟಿ.
ಕೊನೆಯ ಎರಡು ಇನ್ನೂ ಕೆಮ್ಮುತ್ತವೆ.
ಲೆಕ್ಕದ ಚೀಟಿಯಲ್ಲಿ ಅದನ್ನೂ ಬರೆದೆ.

ರಾತ್ರಿ ಇಮಾಂಬಿ ನನ್ನ ಹುಬ್ಬಿನ
ಉಣ್ಣೆಧೂಳು ಸೆರಗಿನಿಂದ ಒರೆಸಿ ಕೇಳಿದಳು:
"ಮತ್ತೆ ಗಾದಿ ಕೆಲಸಕ್ಕೆ ಹೋಗಿದ್ರಾ?"
ಇಲ್ಲ ಅನ್ನಲು ಬಾಯಿ ತೆರೆದೆ,
ಸೀನು ಬಂತು.