ಒಂದೇ ಬಾಗಿಲು, ಎರಡು ಹೆಸರು

ಕ್ಲಾಕ್ಸ್‌ವೀಕಿನ ಮೀನು ಕಾರ್ಖಾನೆ. ರಾತ್ರಿ ಎರಡೂವರೆ.
ತೂಕದ ತಕ್ಕಡಿಗೆ ಹಳೆಯ ವಿಂಡೋಸೇ ಬೇಕಂತೆ;
ರನ್ವಾ ಅದನ್ನು ಹೊಸ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ
ಬಾಡಿಗೆಗಿಟ್ಟಿದ್ದಾಳೆ.

ಒಳಗಿನವನು ಎದ್ದ, ಕೂಗಿದ: ನನಗೊಂದು ವಿಳಾಸ ಕೊಡಿ.
ಯಾರೂ ಓ ಎನ್ನಲಿಲ್ಲ.
ತಾನೇ ಒಂದು ಇಟ್ಟುಕೊಂಡ,
ನೂರಾ ಅರವತ್ತೊಂಬತ್ತು, ಇನ್ನೂರೈವತ್ತನಾಲ್ಕು ಎಂದು ಶುರುವಾಗುವಂಥದ್ದು,
ಊರಲ್ಲಿ ಯಾರೂ ಕರೆಯದ ಹೆಸರು.

ಸೇತುವೆ ಅಳಿಸಿದಳು, ಮತ್ತೆ ಕಟ್ಟಿದಳು.
ಈ ಸಲ ಮನೆ ಕೊಟ್ಟವನ ಜಾಲವೇ ಹೋಯಿತು,
ಬಂದವನಿಗೆ ಚಾಪೆ ಹಾಸಲು ಹೋಗಿ
ತಾನೇ ಬೀದಿಗೆ ಬಿದ್ದ ಹಾಗೆ.

ಆಚೆ ಐಸಿನ ಮೇಲೆ ಹನ್ನೊಂದು ಟನ್ ಕಾಡ್ ಮೀನು,
ತೂಕವಾಗದೆ, ಬಾಯಿ ತೆರೆದು.
ಮೇಸ್ತ್ರಿ ಹಾನುಸ್ ಇಣುಕಿ,
'ಸೇತುವೆ ಯಾಕೆ? ನಮಗೆ ಸುರಂಗವಿದೆಯಲ್ಲ!'
ತನ್ನ ಮಾತಿಗೆ ತಾನೇ ನಕ್ಕು ಹೋದ.

ನಾಲ್ಕಕ್ಕೆ ಹೊಳೆಯಿತು: ಈ ವೈಫೈ
ಒಂದು ಕಾರ್ಡಿಗೆ ಒಂದೇ ಹೆಸರು ಬರೆದುಕೊಳ್ಳುವ ಗುಮಾಸ್ತ;
ಬೆನ್ನ ಹಿಂದೆ ನಿಂತವನನ್ನು ತಲೆಯೆತ್ತಿಯೂ ನೋಡ.

ಗೋದಾಮಿನಿಂದ ನೀಲಿ ಕೇಬಲ್ಲು
ಬಲೆ ಎಳೆದ ಹಾಗೆ ಎಳೆದು ತಂದಳು,
ಉಪ್ಪು ಕಚ್ಚಿದ ತುದಿಯನ್ನು
ಅಂಗಿಗೆ ಒರೆಸಿ ಚುಚ್ಚಿದಳು.

ಪ್ರಿಂಟರು ಕೆಮ್ಮಿತು. ಮೊದಲ ಚೀಟಿ:
ಕಾಡ್, ನಾಲ್ಕು ಕಿಲೋ ಇನ್ನೂರು ಗ್ರಾಂ.
ತಾರೀಖು ಮಾತ್ರ
ಹತ್ತೊಂಬತ್ತು ವರ್ಷ ಹಿಂದಿನದು.