ಪೊರೆ

ಕೊನೆಯ ಟ್ರಾಮನ್ನು ಶೆಡ್ಡಿಗೆ ಬಿಟ್ಟು
ಕೈಗವಸು ಕಳಚುತ್ತ ಮೂರನೇ ಮಹಡಿ ಹತ್ತುತ್ತೇನೆ.
ಬಾಗಿಲು ತೆರೆದೇ ಇಟ್ಟಿರುತ್ತಾನೆ ಬೆರ್ತಲಾನ್.
ಎಡಗಣ್ಣಿನ ಪೊರೆ ತೆಗೆಸಿ ಬಂದವನು;
ಮೇಲೊಂದು ಪ್ಲಾಸ್ಟಿಕ್ ಚಿಪ್ಪು, ಅಂಟುಪಟ್ಟಿ.
ಬಗ್ಗುವಂತಿಲ್ಲ, ಬಕೆಟ್ಟು ಎತ್ತುವಂತಿಲ್ಲ,
ಉಪ್ಪುನೀರಿನ ಹನಿಯೂ ಸಿಡಿಯಕೂಡದು,
ಡಾಕ್ಟರಮ್ಮನ ಕಟ್ಟಪ್ಪಣೆ.
ಹಾಗಾಗಿ ಈ ವಾರ ಅವನ ಕಡಲಿಗೆ
ನಾನೇ ಅಡುಗೆಯವಳು.

ಕಡಲಿಲ್ಲದ ದೇಶ ನಮ್ಮದು.
ಸೆಗೆದ್ ಊರಿಗೆ ಇರುವುದೊಂದು ತಿಸಾ ನದಿ,
ಅದೂ ಕೆಸರು ಬಣ್ಣ.
ಇವನು ಮಾತ್ರ ಅಡುಗೆಮನೆ ತಕ್ಕಡಿಯಲ್ಲಿ
ಲೀಟರಿಗೆ ಮೂವತ್ತೈದು ಗ್ರಾಮಿನಂತೆ
ಕಡಲು ತೂಗುತ್ತಾನೆ.
ಮೂವತ್ತು ವರ್ಷ ಊರಿಗೆಲ್ಲ ಹಲ್ಲಿನ ಸೆಟ್ಟು ಕಟ್ಟಿದ ಕೈ;
ಕದಡಿದ್ದು ತಿಳಿಯಾಗುವ ತನಕ ಕಾಯಬಲ್ಲದು.

"ಪಂಪು ಆರಿಸಿದೆಯಾ?"
ಆರಿಸಿದೆ.
ಇಷ್ಟೊತ್ತು ಇತ್ತೆಂದೇ ಗೊತ್ತಾಗದ ಸದ್ದು ನಿಂತು
ಕೋಣೆ ಒಂದು ಮೆಟ್ಟಿಲು ಕೆಳಗಿಳಿಯಿತು.

ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಹಸಿರು ಬಾಟಲಿ, ಪಾಚಿನೀರು.
ಕುಲುಕಬೇಕು, ಸಾರಿನ ಹಾಗೆ ತಳದಲ್ಲಿ ಗಟ್ಟಿ ಕೂತಿರುತ್ತದೆ.
ಹವಳದ ಪುಡಿಯೂಟ ಹಳೇ ಮೆಣಸಿನಪುಡಿ ಡಬ್ಬಿಯಲ್ಲಿ.
ಮೆಣಸಿನಪುಡಿಯೂ ಅಂಥದೇ ಡಬ್ಬಿಯಲ್ಲಿ.
ಮೊದಲ ರಾತ್ರಿ ಮುಚ್ಚಳ ತೆಗೆದು ನಾನು ಸೀನದಿದ್ದರೆ
ಇಡೀ ಹಿಂದೂ ಮಹಾಸಾಗರಕ್ಕೆ
ಗುಲಾಶಿನ ಒಗ್ಗರಣೆ ಬೀಳುತ್ತಿತ್ತು.

ಪಿಪೆಟ್ಟಿನ ತುದಿ ಮುಳುಗಿಸಿ
ಮೇಲಿಂದ ಅಲ್ಲ, ಪಕ್ಕದಿಂದ,
ಮಗುವಿನ ಗಂಜಿಗೆ ಊದುವಷ್ಟು ಮೆಲ್ಲಗೆ.
"ಹೊಡೀಬೇಡ. ಹಾಯಲಿ ಬಿಡು."
ಮಂಜು. ಮಂಜಿನೊಳಗೆ ಎಂಟೆಂಟು ಗರಿಬೆರಳು,
ಮಡಚಿ, ಬಾಯಿಗಿಟ್ಟು, ಮತ್ತೆ ಚಾಚಿ.
ಬಾಯಿ ಎಲ್ಲಿದೆಯೋ, ನನಗಂತೂ ಕಾಣಲಿಲ್ಲ.
ಮೂಲೆಯಲ್ಲಿ ಮುಷ್ಟಿ ಬಿಚ್ಚಿ ಮುಚ್ಚುವ ಬಿಳಿ ಗುಂಪಿನತ್ತ
ಕೈ ಹೋಯಿತು.
"ಅದಕ್ಕೆ ಬೇಡ, ಅದು ಬೆಳಕನ್ನೇ ಉಣ್ಣುತ್ತೆ" ಎಂದ,
ನನ್ನ ತೋಳಿನ ಸದ್ದು ಕೇಳಿಯೇ.

ಇನ್ನೊಂದು ಹನಿ?
"ಹಸಿವು ಅವುಗಳದ್ದಲ್ಲ ಎಮೋಕೆ, ನಿನ್ನದು.
ಹೆಚ್ಚಾದದ್ದೆಲ್ಲ ಕೊಳೆಯುತ್ತೆ."
ನಿಜ, ನನಗಿನ್ನೂ ಊಟವಾಗಿರಲಿಲ್ಲ.
ಅವನ ಬ್ರೆಡ್ಡು, ಅವನ ಉಪ್ಪಿನಕಾಯಿ, ನಿಂತೇ ತಿಂದೆ.

ಮೂರನೇ ರಾತ್ರಿ ಅಣಬೆ ಹವಳ ಮುದುಡಿತು.
ತಟ್ಟೆಯಗಲ ಇದ್ದದ್ದು ಮುಷ್ಟಿಯಷ್ಟಾಗಿ
ಮೇಲೆ ಬೂದು ಮೇಣದ ಹೊಳಪು.
ಒಂದೆಳೆಯೂ ಹೊರಗಿಲ್ಲ.
"ತೆರೆದಿದೆಯಾ?"
ತೆರೆದಿದೆ, ಅಂದೆ.
ನಾಲ್ಕನೇ ರಾತ್ರಿಯೂ ಅದೇ ಸುಳ್ಳು, ಇನ್ನಷ್ಟು ವಿವರದೊಂದಿಗೆ.
ಹಗಲೆಲ್ಲ ಟ್ರಾಮು ಓಡಿಸುತ್ತ
ನಿಲ್ದಾಣ ನಿಲ್ದಾಣಕ್ಕೂ ಹನಿ ಎಣಿಸಿದೆ:
ಹೆಚ್ಚಾಯಿತೆ, ಕಡಿಮೆಯಾಯಿತೆ.
ಸೇತುವೆಯ ಬಳಿ ಗಂಟೆ ಬಾರಿಸಲು ಮರೆತೆ.

ಐದನೇ ರಾತ್ರಿ ತಡೆಯದೆ ಹೇಳಿಬಿಟ್ಟೆ.
ಅವನು ನಕ್ಕ, ಕಣ್ಣ ಚಿಪ್ಪು ಅಲುಗುವಷ್ಟು.
"ಪೊರೆ ಬಿಡ್ತಿದೆ. ಪಂಪು ಹಾಕು, ನೀರೇ ಸುಲಿದುಕೊಳ್ಳುತ್ತೆ.
ನನ್ನದಕ್ಕೆ ಡಾಕ್ಟರು ಬೇಕಾಯ್ತು, ನೋಡು."

ಶನಿವಾರ ಚಿಪ್ಪು ತೆಗೆದರು.
ನಾನು ಬರುವ ಹೊತ್ತಿಗೆ ಗಾಜಿನೆದುರು ನಿಂತಿದ್ದ,
ಕಣ್ಣು ಕಿರಿದು ಮಾಡಿ, ಕೋಪ ಬಂದವನಂತೆ.
"ಯಾರು ಇಷ್ಟು ನೀಲಿ ಹಾಕಿದ್ದು?"
ನೀನೇ.
ಎರಡು ವರ್ಷದಿಂದ, ಚೂರು ಚೂರೇ.
ಅಂಗಳದಾಚೆಯವರಿಗೆಲ್ಲ ಗೊತ್ತು;
ಕೊರಿಯರ್ ಹುಡುಗರಿಗೆ ನಿನ್ನ ವಿಳಾಸವೇ
ನೀಲಿ ಬೆಂಕಿ ಬಿದ್ದ ಕಿಟಕಿ.

ಸುಮ್ಮನಾದ.
ಕಣ್ಣು ಹಳದಿಗಟ್ಟಿದಂತೆಲ್ಲ
ನೀರಿಗೆ ನೀಲಿ ಸುರಿಯುತ್ತಲೇ ಬಂದಿದ್ದ.
ಗುಂಡಿ ತಿರುಗಿಸಿದ. ಸ್ವಲ್ಪ. ಇನ್ನೂ ಸ್ವಲ್ಪ.
ಪಾಪ, ಎಂದ. ಹವಳಕ್ಕೋ, ಯಾರಿಗೋ.

ಅಣಬೆಯ ಅಂಚಿನಿಂದೊಂದು ಮೇಣದ ಹಾಳೆ ಎದ್ದು
ಹರಿವಿಗೆ ಪಟಪಟಿಸುತ್ತಿತ್ತು, ಹರಿದ ಟಿಕೆಟಿನ ಹಾಗೆ.
ಅದರಡಿ ಹಸಿ ಚರ್ಮ, ಕೆನೆ ಬಣ್ಣ.
ಎಳೆಗಳು ಇನ್ನೂ ಬಂದಿರಲಿಲ್ಲ.

ಪಿಪೆಟ್ಟು ಅವನ ಕೈಗೆ ಕೊಡಹೋದೆ.
"ಬಲಗಣ್ಣು ಬಾಕಿ ಇದೆಯಲ್ಲ, ಮುಂದಿನ ತಿಂಗಳು.
ಅಲ್ಲಿಯವರೆಗೆ ನೀನೇ ಪೊರೆ."

ಪಂಪು ಆರಿಸಿದೆ.
ಡಬ್ಬಿಯ ಮುಚ್ಚಳ ತೆಗೆದೆ.
ಸೀನು ಬಂತು.