ಏಳು ಕಿಲೋ ಏಳ್ನೂರು

ಕೌಲ್ ಬಜಾರಿನ ಜಿಮ್ಮು ಮುಚ್ಚಿದ ವಾರ
ಗುಜರಿ ದಾದಾಪೀರನ ಬಂಡಿಯ ಮೇಲೆ
ಮುರಿದ ಸೈಕಲ್ಲು, ಕೂಲರಿನ ಹೊಟ್ಟೆ, ತುಕ್ಕು ಸರಳುಗಳ ನಡುವೆ
ಕೂತಿತ್ತು ಇದು,
ಸಣ್ಣ ಕುಂಬಳಕಾಯಿಗೆ ಹಿಡಿಕೆ ಹಚ್ಚಿದ ಹಾಗೆ.

ಎಂಟು ಕೆಜಿ ಎಂದು ಎದೆಯ ಮೇಲೆ ಬರೆದುಕೊಂಡಿತ್ತು.
ದಾದಾಪೀರನ ತಕ್ಕಡಿ ನಂಬಲಿಲ್ಲ.
ಏಳು ಕಿಲೋ ಏಳ್ನೂರು.
"ಮುನ್ನೂರು ಗ್ರಾಂ ಸುಳ್ಳು ಹೇಳ್ತೈತೆ ಹಂಪಮ್ಮಕ್ಕಾ,
ಸುಳ್ಳಿಗೆ ನಾನು ರೊಕ್ಕ ತಗಳಲ್ಲ."
ಕಿಲೋಗೆ ನಲವತ್ತು, ಮುನ್ನೂರಾ ಎಂಟು.
ಎಂಟು ಬಿಟ್ಟ.

ನನ್ನ ನೋವನ್ನು ಹೀಗೆ ಯಾರೂ ತೂಗಿಕೊಟ್ಟಿರಲಿಲ್ಲ.
ಹನ್ನೊಂದು ವರ್ಷ.
ದೊಡ್ಡಾಸ್ಪತ್ರೆಯ ಡಾಕ್ಟರು ಕೇಳುತ್ತಾರೆ,
ಒಂದರಿಂದ ಹತ್ತರೊಳಗೆ ಎಷ್ಟು?
ಬಾಯಿ ತೆರೆದರೆ ನನಗೆ ಬರುವುದು ಅಂಕಿಯಲ್ಲ:
ಏಳುವಾಗ ಬೆನ್ನಿಗೆ ಬಿಗಿತ,
ಮಷಿನ್ನಿಗೆ ಕೂತರೆ ಸೆಳೆತ,
ಹೊರಳಿದರೆ ಚಳುಕು,
ಮಧ್ಯಾಹ್ನ ತೊಡೆಯೊಳಗೆ ಜೋಮು,
ಎಲ್ಲರೂ ಮಲಗಿದ ಮೇಲೆ
ಹೆಸರಿಲ್ಲದ ಒಂದು ಬ್ಯಾನಿ
ಎಲುಬಿನೊಳಗೆ ಕೂತು ಕಡ್ಡಿ ಗೀರುತ್ತದೆ.
ಇಷ್ಟನ್ನೂ ಕೂಡಿಸಿದರೆ ಎಷ್ಟು ಸಾರ್?
ಆರು, ಅಂತ ಬರೆದುಕೊಂಡರು.

ಜಿಮ್ಮಿನ ಕೆಲಸ ಹೋದ ಗಾದಿಲಿಂಗ
ಈಗ ನಮ್ಮ ಯೂನಿಟ್ಟಿನಲ್ಲಿ ಜೀನ್ಸಿಗೆ ಗುಂಡಿ ಒತ್ತುತ್ತಾನೆ.
ಊಟದ ಬಿಡುವಿನಲ್ಲಿ ಅವನೇ ತೋರಿಸಿದ್ದು:
"ಬಗ್ಗಬ್ಯಾಡಕ್ಕಾ, ಬಗ್ಗಿದ್ದು ಸಾಕು ನೀನು.
ಎರಡೂ ಕೈಯಾಗೆ ಬಂಡಲ್ ಐತೆ ಅನ್ಕೋ,
ಹಿಂದಿನಿಂದ ಬಾಗಿಲು ದೂಡು."
ಇಪ್ಪತ್ತು ವರ್ಷ ದೂಡಿದ ಬಾಗಿಲೇ ಅದು.
ವ್ಯಾಯಾಮ ಅಂತ ಗೊತ್ತಿರಲಿಲ್ಲ.

ಐದೂವರೆಗೆ ಮಾಳಿಗೆ ಮೇಲೆ.
ರಾತ್ರಿಯಿಡೀ ಬಿಸಿಯುಸಿರು ಬಿಟ್ಟ ಕೋಟೆಗುಡ್ಡ
ಆಗಷ್ಟೇ ತಣ್ಣಗಾಗುತ್ತಿರುತ್ತದೆ.
ಹಿಡಿಕೆಯ ಸುತ್ತ ನನ್ನ ಬೆರಳು,
ಸೋಪಿಗೂ ಸೀಗೆಗೂ ಹೋಗದ ನೀಲಿ.
ಮೂರು ತಿಂಗಳು ಬೀಸಲಿಲ್ಲ.
ಎತ್ತಿದೆ, ಇಳಿಸಿದೆ.
ಎತ್ತಿದೆ, ಇಳಿಸಿದೆ.

ಮೆಟ್ಟಿಲ ಮೇಲೆ ಕೂತು ಅತ್ತೆ ತಿಪ್ಪಮ್ಮ:
"ಕೊಡ ಎತ್ತಾಕೆ ಆಗಲ್ಲ ಅಂತಿದ್ದಿ,
ಗುಂಡು ಎತ್ತಾಕೆ ಆಗ್ತೈತೇನು?"
ಕೇಳಿದ್ದು ಸರಿಯೇ.
ಕೊಡ ಎತ್ತಿದರೆ ಒಲೆಯ ತನಕ ಹೊರಬೇಕು.
ಇದನ್ನು, ಸಾಕೆನಿಸಿದಲ್ಲಿ, ಇಳಿಸಬಹುದು.
ಮೈಮೇಲಿನ ಭಾರದಲ್ಲಿ ಇಳಿಸಲು ಬರುವುದು ಇದೊಂದೇ
ಎಂದು ಹೇಳುವವಳಿದ್ದೆ,
ಕೆಳಗೆ ಹಾಲು ಉಕ್ಕಿತು.

ಕೆಲವು ದಿನ ಕೆಟ್ಟವು.
ಮೋಡ ಕಟ್ಟಿದರೆ, ಆರ್ಡರ್ ಹೆಚ್ಚಾದರೆ,
ಏನೂ ಆಗದಿದ್ದರೂ.
ಆಗ ಅದು ಬಾಗಿಲ ಬುಡದಲ್ಲಿ ಕೂತು
ಗಾಳಿಗೆ ಬಡಿಯದ ಹಾಗೆ ನೋಡಿಕೊಳ್ಳುತ್ತದೆ.
ಹೋಗುತ್ತ ಬರುತ್ತ ಕಾಲಿನಿಂದ ಮುಟ್ಟುತ್ತೇನೆ,
ಇದ್ದೇನೆ, ಅನ್ನುವಷ್ಟು.
ಒಮ್ಮೆ ಹದಿನೇಳು ದಿನ ಹಾಗೇ ಇತ್ತು.
ಅದಕ್ಕೇನೂ ಸಿಟ್ಟಿಲ್ಲ.

ಬೀಸಿದ್ದು ಕಾರ್ತೀಕದಲ್ಲಿ.
ಸೊಂಟ ದೂಡಿತು, ಕೈ ಬರೀ ಹಗ್ಗವಾಯಿತು,
ಎದೆಯೆತ್ತರಕ್ಕೆ ಬಂದು ನಿಂತಿತಲ್ಲ,
ಆ ಒಂದು ಗಳಿಗೆ ಅದಕ್ಕೆ ತೂಕವೇ ಇರಲಿಲ್ಲ.
ನೋವು ಇತ್ತು. ಎಡಗಡೆ, ತನ್ನ ಜಾಗದಲ್ಲೇ,
ಮೂಲೆಮನೆ ಮುದುಕಿಯ ಹಾಗೆ ನೋಡುತ್ತ.
ಅಷ್ಟು ದೂರದಿಂದ ಅದನ್ನು ನಾನು ನೋಡಿದ್ದು
ಅದೇ ಮೊದಲು.

ಹನ್ನೆರಡಕ್ಕೆ ನಿಲ್ಲಿಸುತ್ತೇನೆ.
ಡಜನ್ನಿನ ಲೆಕ್ಕ ಬಾಯಿಗೆ ಕೂತದ್ದು;
ಡಜನ್ ಪ್ಯಾಂಟಿಗೆ ಇಷ್ಟು ಅಂತ ಶನಿವಾರ ಎಣಿಸಿ ಕೊಡುತ್ತಾರೆ.
ಈ ಡಜನ್ನನ್ನು ಯಾವ ಚೀಟಿಯಲ್ಲೂ ಬರೆಸಿಲ್ಲ.

ಇಳಿಯುವಾಗ ಇವತ್ತೂ ಗೋಡೆ ಹಿಡಿದೆ.
ಮೂರನೇ ಮೆಟ್ಟಿಲ ಎದುರಿಗೆ, ಸುಣ್ಣದ ಮೇಲೆ,
ದಿನಾ ಹಿಡಿಯುವ ಜಾಗದಲ್ಲಿ
ಅಂಗೈಯಗಲ ನೀಲಿ.